ಸಬಾ ತನ್ನ ಮರಿಯನ್ನು ಒಪ್ಪಿದ ದಿನ

ಅರಬ್ಬಿ ಕುದುರೆಯ ವಂಶವನ್ನು ತಾಯಿಯ ಕಡೆಯಿಂದ ಎಣಿಸುತ್ತಾರೆ, ಮಕ್ಕಳೇ. ತಂದೆ ಕುದುರೆ ಎಷ್ಟೇ ಪಂದ್ಯ ಗೆದ್ದಿರಲಿ, ಮರಿ ಯಾವ ಮನೆತನದ್ದು ಎಂದು ಯಾರಾದರೂ ಕೇಳಿದರೆ ತಾಯಿ, ತಾಯಿಯ ತಾಯಿ, ಅವಳ ತಾಯಿ ಎಂದೇ ಹಿಂದಕ್ಕೆ ಹೋಗಬೇಕು. ಇದನ್ನು ನನಗೆ ಹೇಳಿಕೊಟ್ಟವರು ಪಾಗಾದ ಚಾಚಾ. ಪಾಗಾ ಎಂದರೆ ಕುದುರೆ ಲಾಯ. ನಮ್ಮ ಸೀಮೆಯಲ್ಲಿ ಹಾಗೆಯೇ ಕರೆಯುತ್ತಿದ್ದರು. ಅಜ್ಜಿ ಖರೇನ ಪಂದ್ಯದ ಕುದುರೆ ಸಾಕಿದ್ದಳೇನು ಎಂದು ನೀವು ನಿಮ್ಮ ಅಪ್ಪನನ್ನು ಕೇಳಿದಿರಂತೆ. ಹೌದು, ಸಾಕಿದ್ದೆ. ನಾಲ್ಕು ಜನ ಕೂತಲ್ಲಿ ಮಾತನಾಡುವುದು ನನಗೆ ಇಂದಿಗೂ ಕಷ್ಟ. ಅದಕ್ಕೇ ಬರೆದು ಕೊಡುತ್ತಿದ್ದೇನೆ.

ಸಂಸ್ಥಾನಗಳು ಹೋಗಿ ನಮ್ಮ ಸೀಮೆ ಮುಂಬೈ ಸರಕಾರಕ್ಕೆ ಸೇರಿದ ಮೇಲಿನ ಮಾತು ಇದು. ಜಮಖಂಡಿಯಿಂದ ಹುನ್ನೂರಿಗೆ ಹೋಗುವ ದಾರಿಯ ಬದಿಗೆ ಒಬ್ಬ ಜಹಗೀರದಾರರ ವಾಡೆ ಇತ್ತು. ನಾವು ಅವರನ್ನು ಧಣಿಗಳು ಎನ್ನುತ್ತಿದ್ದೆವು, ಅವರ ಹೆಂಡತಿಯನ್ನು ಬಾಯಿಸಾಹೇಬರು ಎನ್ನುತ್ತಿದ್ದೆವು. ಮನೆಯೊಳಗೆ ಅವರದು ಮರಾಠಿ, ನಮ್ಮೊಡನೆ ಕನ್ನಡ. ನಿಮ್ಮ ಅಜ್ಜ ಆ ಪಾಗಾದಲ್ಲಿ ಕುದುರೆ ತಿಕ್ಕುವ ಕೆಲಸಕ್ಕಿದ್ದರು. ನಿಮ್ಮ ಅಪ್ಪ ಇನ್ನೂ ತೊಟ್ಟಿಲಲ್ಲಿದ್ದಾಗ ಜ್ವರ ಬಂದು ಅವರು ತೀರಿಕೊಂಡರು. ತವರು ಅನಗವಾಡಿಗೆ ಹೋಗಿ ಅಣ್ಣಂದಿರ ಮನೆಯಲ್ಲಿ ಇರುವುದೋ ಏನು ಮಾಡುವುದೋ ಎಂದು ಕೂತಿದ್ದೆ. ಪಾಗಾದ ಹಿರಿಯ ಮೋತದ್ದಾರರು, ಅಂದರೆ ಕುದುರೆಗಳ ಮೇಲಾಳು, ಧಣಿಗಳಿಗೆ ಹೇಳಿ ನನಗೆ ಚಂದಿ ತಯಾರಿಸುವ ಕೆಲಸ ಕೊಡಿಸಿದರು. ಇವರನ್ನೇ ನಾವೆಲ್ಲ ಚಾಚಾ ಎನ್ನುತ್ತಿದ್ದುದು. ಕುದುರೆಗೆ ಹಾಕುವ ಕಾಳಿಗೆ ಚಂದಿ ಎನ್ನುತ್ತಾರೆ.

ಹಿಂದೆ ಆ ಪಾಗಾದ ತುಂಬ ಕುದುರೆಗಳಿದ್ದವಂತೆ. ನಾನು ಸೇರುವ ಹೊತ್ತಿಗೆ ಧಣಿಗಳು ಜೀಪು ಕೊಂಡಿದ್ದರು. ಕುದುರೆಗಳು ಒಂದೊಂದೇ ಹೋಗಿ ಸಬಾ ಒಬ್ಬಳೇ ಉಳಿದಿದ್ದಳು. ಬೆಳ್ಳಗಿನ ಹೆಣ್ಣು ಕುದುರೆ. ಹಣೆ ಅಗಲ, ಮೂತಿ ಎಷ್ಟು ಸಣ್ಣದೆಂದರೆ ಬೊಗಸೆಯಲ್ಲಿ ನೀರು ಕುಡಿಸಬಹುದಿತ್ತು. ನಡೆಯುವಾಗ ಬಾಲವನ್ನು ಮೇಲಕ್ಕೆತ್ತಿಯೇ ನಡೆಯುವಳು. ಅವಳ ತಾಯಿ ಬಸ್ರಾದಿಂದ ಹಡಗಿನಲ್ಲಿ ಮುಂಬೈಗೆ ಬಂದವಳು. ಸಕ್ಲಾವಿ ಎಂಬ ಮನೆತನ. ಸಬಾ ಪುಣೆಯಲ್ಲಿ ಓಡಿ ಗೆದ್ದು, ಮುಂಗಾಲಿನ ನರ ನೊಂದ ಮೇಲೆ ಊರಿಗೆ ಬಂದಿದ್ದಳು.

ನನ್ನ ಕೆಲಸ ನಸುಕಿನಲ್ಲಿ ಸುರುವಾಗುತ್ತಿತ್ತು. ಕಡಲೆಯನ್ನು ಹಿಂದಿನ ಸಂಜೆಯೇ ಕೇರಿ, ಹಳ್ಳು ಆರಿಸಿ, ನೆನೆ ಹಾಕಬೇಕು. ಸರಿಯಾಗಿ ನೆನೆಯದ ಕಡಲೆ ಕುದುರೆಯ ಹೊಟ್ಟೆಯಲ್ಲಿ ಉಬ್ಬುತ್ತದೆ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ಶೂಲೆ ಬಂದರೆ ಬಿದ್ದು ಹೊರಳಿ ಸಾಯುತ್ತದೆ. ಒಂದು ಕಾಳನ್ನು ಬೆರಳಲ್ಲಿ ಒತ್ತಿ, ಒಳಗೆ ಬಿಳಿಯ ಗಟ್ಟಿ ಉಳಿದಿಲ್ಲವೆಂದು ನೋಡಿದ ಮೇಲೆಯೇ ಚಂದಿಯ ಚೀಲ ಕಟ್ಟಬೇಕು. ಹುರಳಿಯನ್ನು ಬೇಯಿಸಿ ಗೋಧಿಯ ತೌಡಿನೊಂದಿಗೆ ಕಲಸಬೇಕು. ನೀರು ಮೊದಲು, ಚಂದಿ ಆಮೇಲೆ. ಇದು ಎಂದೂ ತಪ್ಪಬಾರದು. ಚಾಚಾ ಖರಾರಾ, ಅಂದರೆ ಹಲ್ಲಿನ ಕಬ್ಬಿಣದ ಬಾಚಣಿಕೆ, ಹಿಡಿದು ಕುದುರೆ ತಿಕ್ಕುವರು. ರಬಕವಿಯ ಹಳೆಯ ಸೀರೆಯ ಮೆತ್ತನೆ ತುಂಡಿನಿಂದ ಕೊನೆಗೆ ಮೈ ಒರೆಸುವುದು ಮಾತ್ರ ನನ್ನ ಪಾಲಿಗೆ ಬಂತು. ಆ ಬಟ್ಟೆ ಎಳೆದಾಗ ಸಬಾಳ ಚರ್ಮದೊಳಗಿನ ನರಗಳೆಲ್ಲ ಎದ್ದು ಕಾಣುತ್ತಿದ್ದವು. ಅಷ್ಟು ತೆಳ್ಳನೆ ಚರ್ಮ. ಮಂದಿಯ ಹತ್ತಿರ ಬಾಯಿ ಬಿಡದ ನಾನು ಅವಳ ಹತ್ತಿರ ಮನೆಯ ಸುದ್ದಿಯನ್ನೆಲ್ಲ ಹೇಳುತ್ತಿದ್ದೆ. ಕಿವಿ ನನ್ನ ಕಡೆ ತಿರುಗಿಸಿ ನಿಲ್ಲುವಳು.

ಆ ವರ್ಷ ಸಬಾ ಗಬ್ಬವಾಗಿದ್ದಳು. ಮುಧೋಳದ ಕಡೆಯ ಒಂದು ಮನೆತನದವರ ಹತ್ತಿರ ಕೆಂಚು ಬಣ್ಣದ ಅರಬ್ಬಿ ಗಂಡು ಕುದುರೆ ಇತ್ತು. ಅದಕ್ಕೆ ಕೂಡಿಸಿ ತಂದಿದ್ದರು. ಆಮೇಲೆ ಆ ಕುದುರೆಯನ್ನೂ ಮಾರಿದರು. ಪುಣೆಯಲ್ಲಿ ಪಂದ್ಯದ ಕುದುರೆ ತಯಾರು ಮಾಡುವ ಗೆಳೆಯರೊಬ್ಬರು ಧಣಿಗಳಿಗೆ ಇದ್ದರು. ಸಬಾಳಿಗೆ ಮರಿಯಾದರೆ ತಾವೇ ತಯಾರು ಮಾಡಿ ಓಡಿಸುತ್ತೇವೆಂದು ಅವರು ಹೇಳಿದ್ದರು. ಧಣಿಗಳು ಜಮೀನಿನ ಕೆಲಸಕ್ಕೆ ಪುಣೆಗೆ ಹೊರಡುವ ದಿನ ಪಾಗಾದ ಬಾಗಿಲಲ್ಲಿ ನಿಂತು ಚಾಚಾನಿಗೆ ಹೇಳಿದ್ದು ನಾನು ಒಳಗಿನಿಂದ ಕೇಳಿದೆ.

"ಮರಿ ಉಳೀತಂದ್ರ ಪಾಗಾ ಉಳೀತದ. ಇಲ್ಲಂದ್ರ ಸಬಾನ್ನೂ ಪುಣೇಕ ಕೊಟ್ಟು ಬಾಗಲಾ ಹಾಕೂದ. ಒಂದ ಕುದುರಿ ಸಲುವಾಗಿ ಇಷ್ಟೆಲ್ಲಾ ನಡಸೂದು ಇನ್ನ ನನ್ನ ಕೈಲೆ ಆಗಂಗಿಲ್ಲ."

ಪಾಗಾದ ಹಿಂದಿನ ಎರಡು ಖೋಲಿಗಳಲ್ಲಿ ಒಂದರಲ್ಲಿ ಚಾಚಾ, ಇನ್ನೊಂದರಲ್ಲಿ ನಾನು ಮತ್ತು ನಿಮ್ಮ ಅಪ್ಪ ಇದ್ದೆವು. ಬಾಗಿಲು ಹಾಕಿದರೆ ಆ ಖೋಲಿಗಳಿಗೂ ಹಾಕಿದಂತೆಯೇ.

ದಿನ ತುಂಬುತ್ತ ಬಂದಾಗ ಸಬಾಳ ಬಾಲದ ಬುಡದ ಎರಡೂ ಬದಿ ಮೆತ್ತಗಾಗಿ ಕುಸಿಯಿತು. ಒಂದು ಸಂಜೆ ಮೈ ಒರೆಸುವಾಗ ನೋಡಿದರೆ ಮೊಲೆಯ ತುದಿಗಳಲ್ಲಿ ಜೇನುಮೇಣದಂಥ ಹನಿ ಗಟ್ಟಿಯಾಗಿ ಕೂತಿತ್ತು. ಚಾಚಾನನ್ನು ಕರೆದು ತೋರಿಸಿದೆ.

"ಆತು, ಬೇಟಿ. ನಾಳಿ ಹೊತ್ತ ಹೊಂಡೂದ್ರಾಗ ಈತಾಳ," ಎಂದರು. ಆಮೇಲೆ ತಲೆ ಕೆರೆದುಕೊಂಡು ನಿಂತರು. "ನೀ ಮಾತ್ರ..." ಎಂದು ಅಲ್ಲಿಗೇ ಬಿಟ್ಟರು.

ಅವರು ಹೇಳದೇ ಬಿಟ್ಟದ್ದು ನನಗೆ ಗೊತ್ತಿತ್ತು. ಗಂಡ ಸತ್ತವಳು ಈಯುವ ಕುದುರೆಯ ಎದುರಿಗೆ ಇರಬಾರದು. ಕುದುರೆ ಪಂದ್ಯಕ್ಕೆ ಹೊರಡುವಾಗಲೂ ಎದುರು ಬರಬಾರದು. ಇದು ವಾಡೆಯ ಪದ್ಧತಿ. ನಮ್ಮ ಊರಲ್ಲೂ ಬೇರೆ ಇರಲಿಲ್ಲ. ಬಾಯಿಸಾಹೇಬರು ಕೆಟ್ಟವರಲ್ಲ. ನಿಮ್ಮ ಅಪ್ಪನಿಗೆ ಹಾಲು ಕಳಿಸದ ದಿನವೇ ಇರಲಿಲ್ಲ. ಆದರೆ ಪದ್ಧತಿ ಎಂದರೆ ಪದ್ಧತಿ. ನಾನು ಬೆಳಗಿನ ಜಾವ ಎದ್ದು ಚಂದಿಯ ಖೋಲಿಗೆ ಹೋಗಿ ಒಳಗಿನಿಂದ ಬಾಗಿಲು ಮುಂದೆ ಮಾಡಿಕೊಂಡು ಕಾಳು ಕೇರುತ್ತ ಕೂತೆ. ಸಬಾ ಇದ್ದ ಖಾನೆಗೂ ನನಗೂ ನಡುವೆ ಒಂದು ಗೋಡೆ.

ಮೂಡಣ ಬೆಳ್ಳಗಾಗುವಾಗ ಅವಳು ಹುಲ್ಲಿನ ಮೇಲೆ ಧೊಪ್ಪೆಂದು ಬಿದ್ದು ಮಲಗಿದ್ದು ಕೇಳಿಸಿತು. ನೀರು ಸುರಿದ ಸಪ್ಪಳ. ಕುದುರೆ ಈಯುವುದು ಎಮ್ಮೆಯ ಹಾಗಲ್ಲ. ಬೇಗ ಮುಗಿಯುತ್ತದೆ, ಮುಗಿಯದಿದ್ದರೆ ಕೆಟ್ಟಿತೆಂದೇ ಅರ್ಥ. ನನ್ನ ಕೈಯಲ್ಲಿನ ಮೊರ ನಿಂತುಬಿಟ್ಟಿತ್ತು. ಅಷ್ಟರಲ್ಲಿ ಚಾಚಾ ಕೂಗಿದರು.

"ಹೆಣ್ಣ ಮರಿ! ಬಾಯಿಸಾಹೇಬ್ರ, ಹೆಣ್ಣ ಮರೀರಿ!"

ಗೋಡೆಯ ಆಚೆಯಿಂದ ಸಬಾ ಗಂಟಲಲ್ಲೇ ಗುಡುಗುಡು ಎಂದು ಮರಿಯನ್ನು ಕರೆದಳು. ಆ ದನಿಯನ್ನು ಅವಳು ನನ್ನೊಡನೆ ಎಂದೂ ಆಡಿರಲಿಲ್ಲ. ಗೋಡೆಗೆ ಹಣೆ ಹಚ್ಚಿ ಕೇಳಿದೆ.

ಮುಂದೆ ನಡೆದದ್ದನ್ನು ನಾನು ಕಣ್ಣಾರೆ ನೋಡಲಿಲ್ಲ; ಚಾಚಾ ಆಮೇಲೆ ಹೇಳಿದ್ದು. ಬಾಯಿಸಾಹೇಬರು, ಅಡುಗೆಯ ಅಜ್ಜಿ, ಇನ್ನೂ ಕೆಲವು ಮುತ್ತೈದೆಯರು ಆರತಿ ಹಿಡಿದು ಬಂದರು. ಮರಿಯನ್ನು ನೋಡಿ ಎಲ್ಲರೂ ಬೆಚ್ಚಿ ಹಿಂದೆ ಸರಿದರು. ಬಿಳಿಯ ಸಬಾಳಿಗೆ ಕಾಡಿಗೆಯಂಥ ಕರಿಯ ಮರಿ. ಬಿಳಿ ಕುದುರೆಯ ಮರಿ ಹುಟ್ಟುವಾಗ ಹೀಗೆ ಕಪ್ಪಾಗಿಯೇ ಇದ್ದು ಬರಬರುತ್ತ ಬೆಳ್ಳಗಾಗುತ್ತದೆ. ಚಾಚಾ ಹಾಗೆಂದು ಹೇಳಿಯೂ ಹೇಳಿದರಂತೆ. ಆದರೆ ಪಾಗಾದಲ್ಲಿ ಮರಿ ಹುಟ್ಟಿ ಎಷ್ಟೋ ವರ್ಷಗಳಾಗಿದ್ದವು, ಹೆಂಗಸರಾರೂ ನೋಡಿರಲಿಲ್ಲ.

"ಎಂಥಾ ದೃಷ್ಟಿ ಬಡದೈತೆವ್ವಾ ಇದಕ! ಮದಲ ಎರೀಬೇಕು," ಎಂದರಂತೆ ಬಾಯಿಸಾಹೇಬರು. "ಈ ವಾಡೇದಾಗ ಹುಟ್ಟಿದ ಕೂಸಿಗೆಲ್ಲಾ ನಾನ ಎರದೇನಿ. ಇದಕ್ಕೂ ನಾನ ಎರೀತೇನಿ."

ಪ್ರೀತಿಯಿಂದಲೇ ಮಾಡಿದರು. ಮರಿಯನ್ನು ಎತ್ತಿಸಿಕೊಂಡು ಅಂಗಳಕ್ಕೆ ಒಯ್ದು, ಎಳ್ಳೆಣ್ಣೆ ಅರಿಶಿನ ಹಚ್ಚಿ, ಕಡಲೆ ಹಿಟ್ಟಿನಿಂದ ತಿಕ್ಕಿ, ಬಿಸಿನೀರು ಎರೆದು, ಲೋಬಾನದ ಹೊಗೆ ಕೊಟ್ಟು, ಅಂಗಾಲಿಗೆ ಕರಿಬೊಟ್ಟು ಇಟ್ಟರು. ಬಾಣಂತಿ ಮನೆಯಲ್ಲಿ ಕೂಸಿಗೆ ಏನೇನು ಮಾಡುತ್ತಾರೋ ಅಷ್ಟೂ ಆಯಿತು. ಲೋಬಾನದ ವಾಸನೆ ನನ್ನ ಖೋಲಿಗೂ ಬಂತು. ಆರತಿ ನಡೆದಿದೆ ಎಂದುಕೊಂಡೆ. ಈ ನಡುವೆ ಸಬಾಳ ಮಾಸು, ಅಂದರೆ ಮರಿಯ ಹಿಂದೆ ಬೀಳುವ ಗರ್ಭದ ಚೀಲ, ಬಿತ್ತು. ಚಾಚಾ ಅದನ್ನು ಹರಡಿ, ಎಲ್ಲೂ ಹರಿದು ಒಳಗೆ ಉಳಿದಿಲ್ಲವೆಂದು ನೋಡಿಕೊಂಡರು. ತುಂಡು ಒಳಗುಳಿದರೆ ಕುದುರೆಗೆ ಜ್ವರ ಬರುತ್ತದೆ. ಆಮೇಲೆ ಗಾಡಿ ಹೊಡೆಯುವ ಆಳು ಅದನ್ನು ಹುಲ್ಲಿನಲ್ಲಿ ಸುತ್ತಿ ಗೋಣಿಯಲ್ಲಿ ಕಟ್ಟಿ ಹೊಲದ ಬದುವಿನ ಆಲದ ಮರಕ್ಕೆ ತೂಗುಹಾಕಿ ಬಂದ. ಆಕಳು, ಎಮ್ಮೆ ಈದಾಗ ನಮ್ಮ ಕಡೆ ಹಾಗೆಯೇ ಮಾಡುವುದು. ಹಾಲುಳ್ಳ ಮರಕ್ಕೆ ಮಾಸು ಕಟ್ಟಿದರೆ ಹಾಲು ಹೆಚ್ಚುತ್ತದೆ ಎನ್ನುತ್ತಾರೆ. ಖಾನೆಯ ಒದ್ದೆ ಹುಲ್ಲನ್ನೆಲ್ಲ ತೆಗೆದು ತಿಪ್ಪೆಗೆ ಹಾಕಿ, ನೆಲ ತೊಳೆದು, ಸಗಣಿಯಿಂದ ಸಾರಿಸಿದರು.

ಆಮೇಲೆ ಮರಿಯನ್ನು ತಾಯಿಯ ಹತ್ತಿರ ತಂದು ಬಿಟ್ಟರು.

ಹಲಗೆಗೆ ಕಾಲು ಬಡಿದ ಸಪ್ಪಳಕ್ಕೆ ನಾನು ಎದ್ದು ನಿಂತೆ. ಸಬಾ ಚೀರಿದಳು. ಚಾಚಾ "ಮರಿ ಹಿಡೀರಿ, ಮರಿ ಹಿಡೀರಿ!" ಎಂದು ಕೂಗಿದರು. ಹೆಂಗಸರು ಹೊರಗೆ ಓಡಿದರು. ಸಬಾ ಮರಿಯನ್ನು ಮೂಸಿ ನೋಡಿ, ಕಿವಿ ಹಿಂದಕ್ಕೆ ಒತ್ತಿ, ಹಲ್ಲು ಕಿಸಿದು ಕಚ್ಚಲು ಹೋದಳು, ಆಮೇಲೆ ತಿರುಗಿ ಒದ್ದಳು. ಪೆಟ್ಟು ಹಲಗೆಗೆ ಬಿತ್ತು.

ಹುಟ್ಟಿದ ಮರಿಯ ಹೊಟ್ಟೆಗೆ ಗಿಣ್ಣದ ಹಾಲು ಬೇಗ ಬೀಳಬೇಕು. ಬಿಸಿಲು ಏರುವವರೆಗೂ ಬೀಳದಿದ್ದರೆ ಮರಿಯ ತಲೆ ಜೋಲುತ್ತದೆ, ಆಮೇಲೆ ಹಾಲು ಕೊಟ್ಟರೂ ಹೀರುವ ಶಕ್ತಿ ಇರುವುದಿಲ್ಲ. ಚಾಚಾ ತಮಗೆ ಗೊತ್ತಿದ್ದುದನ್ನೆಲ್ಲ ಮಾಡಿದರು. ಸಬಾಳ ಮೇಲ್ದುಟಿಗೆ ಹಗ್ಗದ ಕುಣಿಕೆ ಹಾಕಿ ಕೋಲಿನಿಂದ ತಿರುಚಿ ಹಿಡಿದರು. ಹಿಂಗಾಲು ಕಟ್ಟಿಸಿದರು. ಮರಿಯ ಬಾಯನ್ನು ಮೊಲೆಗೆ ಹಚ್ಚಿಸಿದರು. ನಿಲ್ಲುವುದೇನೋ ಸಬಾ ನಿಂತಳು, ಆದರೆ ಹಾಲನ್ನು ಮೇಲೇರಿಸಿಕೊಂಡುಬಿಟ್ಟಳು. ಕೈಯಿಂದ ಹಿಂಡಿದರೂ ಹಿತ್ತಾಳೆ ತಂಬಿಗೆಯ ತಳ ಮುಚ್ಚುವಷ್ಟೂ ಬರಲಿಲ್ಲ. ಬಂದದ್ದರಲ್ಲಿ ಸ್ವಲ್ಪವನ್ನು ಮರಿಯ ಬೆನ್ನಿಗೆ ಸವರಿ ಮೂಸಿಸಿದರು. ಎಣ್ಣೆ ಅರಿಶಿನದ ಮೈಗೆ ಅದು ಯಾವ ಲೆಕ್ಕ? ಉಳಿದದ್ದನ್ನು ಬಿದಿರಿನ ಗೊಟ್ಟದಿಂದ ಕುಡಿಸಹೋದರೆ ನೆತ್ತಿಗೆ ಹತ್ತಿ ಮರಿ ಕೆಮ್ಮಿತು. ಗೊಟ್ಟದಲ್ಲಿ ಎತ್ತಿಗೆ ಔಷಧ ಹಾಕಬಹುದು, ಆಗಷ್ಟೇ ಹುಟ್ಟಿದ ಮರಿಗೆ ಹಾಕಿದರೆ ಹಾಲು ಪುಪ್ಪುಸಕ್ಕೆ ಹೋದೀತು. ಜಮಖಂಡಿಯ ದನದ ದವಾಖಾನೆಗೆ ಸೈಕಲ್ಲಿನ ಮೇಲೆ ಹೋದ ಆಳು ಹಿಂದಿರುಗಿ, ಡಾಕ್ಟರರು ದನದ ಬೇನೆಗೆ ಸೂಜಿ ಹಾಕಲು ದೂರದ ಹಳ್ಳಿಗೆ ಹೋಗಿದ್ದಾರೆ, ನಾಳೆಯೇ ಬರುವುದು ಎಂದ.

ಆಗ ಚಂದಿಯ ಖೋಲಿಯ ಬಾಗಿಲು ತಟ್ಟಿದ ಸಪ್ಪಳವಾಯಿತು. ತೆಗೆದು ನೋಡಿದರೆ ಬಾಯಿಸಾಹೇಬರು. ಅವರು ಆ ಖೋಲಿಯವರೆಗೆ ಎಂದೂ ಬಂದವರಲ್ಲ. ಕೈ ಇನ್ನೂ ಅರಿಶಿನ ಹಳದಿ.

"ಆಕಿ ನಿನ್ನ ಮಾತ ಕೇಳತಾಳ ಅಂತಾನಲ್ಲ ಚಾಚಾ, ಖರೆ ಏನು?" ಎಂದರು.

"ಒಂದೊಂದ ಸಲ ಕೇಳತಾಳ್ರಿ."

"ನಿನ್ನ ಕರೀಬೇಕೋ ಬ್ಯಾಡೋ ನನಗ ತಿಳೀವಲ್ದು. ಮರಿ ಹೋಗೂದು ಮಾತ್ರ ಕಣ್ಣಿಗೆ ಕಾಣಾಕತ್ತೈತಿ." ಹೊಸ್ತಿಲಿನಿಂದ ಹಿಂದೆ ಸರಿದು ದಾರಿ ಬಿಟ್ಟರು. "ಬಾ."

ಹೋದೆ. ಹೋದವಳೇ ಮರಿಯನ್ನು ಮುಟ್ಟಲಿಲ್ಲ, ಸಬಾಳನ್ನೂ ಮುಟ್ಟಲಿಲ್ಲ. ಒಂದು ಮೂಲೆಯಲ್ಲಿ ಕೂತು ನೋಡಿದೆ. ನನ್ನ ಸ್ವಭಾವವೇ ಹಾಗೆ, ಹೊಸ ಜಾಗದಲ್ಲಿ ಮೊದಲು ಮೂಲೆ ಹುಡುಕುವುದು. ಅಂದು ಅದರಿಂದ ಉಪಯೋಗವಾಯಿತು. ಚಾಚಾ ಸಬಾಳ ತುಟಿಯ ಕುಣಿಕೆಯನ್ನು ಸಡಿಲಿಸಿ, ಮರಿಯನ್ನು ಹೊರಗಿನ ಕಟ್ಟೆಯ ಮೇಲೆ ಹುಲ್ಲಿನಲ್ಲಿ ಮಲಗಿಸಿದ್ದರು. ಅಲ್ಲಿಂದ ಅದು ಸಣ್ಣಗೆ ಕೆನೆದಾಗ ಸಬಾಳ ಕಿವಿ ಮುಂದೆ ಬಂದವು; ಗಂಟಲಲ್ಲಿ ಗುಡುಗುಡು ಎಂದು ಉತ್ತರ ಕೊಟ್ಟಳು. ಕೊರಳು ಚಾಚಿ ಮರಿಯತ್ತ ನೋಡಿದಳು. ಹಾಗಾದರೆ ಮರಿಯ ದನಿಯ ಮೇಲೆ ಅವಳಿಗೆ ಸಿಟ್ಟಿಲ್ಲ, ಅದರ ಕಪ್ಪು ಬಣ್ಣದ ಮೇಲೂ ಇಲ್ಲ. ಮತ್ತೆ ಅವಳು ತಲೆ ತಗ್ಗಿಸಿ, ಸಾರಿಸಿದ ನೆಲದಲ್ಲಿ ಒಂದೇ ಕಡೆ ಮೂಸಿದಳು. ಮುಂಗಾಲಿನಿಂದ ಅಲ್ಲಿಯೇ ಕೆದರಿದಳು. ಮರಿ ಹುಟ್ಟಿದ ಜಾಗ ಅದು. ಅಲ್ಲಿ ಬರೀ ಸಗಣಿಯ ವಾಸನೆ.

ಮೂಸಿ ಮೂಸಿ ಹುಡುಕುತ್ತಿದ್ದಾಳೆ. ತಾನು ಹೆತ್ತ ಮರಿಯನ್ನೇ ಹುಡುಕುತ್ತಿದ್ದಾಳೆ. ಅರಿಶಿನ, ಲೋಬಾನದ ವಾಸನೆಯ ಈ ಮರಿ ಅವಳ ಲೆಕ್ಕದಲ್ಲಿ ಯಾರದೋ.

ಹಾಗೆ ಹೊಳೆದ ಮೇಲೆ ಏನು ಬೇಕೆಂಬುದೂ ಹೊಳೆಯಿತು. ಆದರೆ ಬಾಯಿ ಬಿಟ್ಟು ಹೇಳಬೇಕಲ್ಲ! ತಿಪ್ಪೆಗೆ ಹಾಕಿದ ಹುಲ್ಲನ್ನು ಎಮ್ಮೆಗಳು ತುಳಿದು ಸಗಣಿಯಲ್ಲಿ ಕಲಸಿದ್ದವು. ಹೋಗಿ ನೋಡಿ ಬಂದೆ, ಅದರಿಂದ ಪ್ರಯೋಜನವಿಲ್ಲ. ಉಳಿದದ್ದು ಒಂದೇ. ಸೆರಗು ಎಳೆದುಕೊಂಡು, ನೆಲ ನೋಡುತ್ತ ಹೇಳಿದೆ.

"ಬಾಯಿಸಾಹೇಬ್ರ, ಆಲದ ಗಿಡಕ್ಕ ಕಟ್ಟಿದ ಮಾಸ ಇಳಸಬೇಕ್ರಿ."

ಅಡುಗೆಯ ಅಜ್ಜಿಯೇ ಮೊದಲು ಬಾಯಿ ಬಿಟ್ಟಳು.

"ಏ ಹುಚ್ಚವ್ವ! ಕಟ್ಟಿದ ಮಾಸ ಯಾರರೆ ಇಳಸತಾರೇನ? ಹಾಲ ಬತ್ತಿ ಹೋಗತೈತಿ."

"ಈಗೇನ ಹರದ ಹೊಂಟೈತೇನವ್ವಾ ಹಾಲು?" ಎಂದರು ಚಾಚಾ. ಅವರ ಕೈಯಲ್ಲಿ ಖಾಲಿ ತಂಬಿಗೆ ಇತ್ತು. "ಇದ್ದದ್ದ ಬತ್ತಬೇಕಲ್ಲ! ಇಲ್ಲದ್ದು ಹೆಂಗ ಬತ್ತತೈತಿ?"

"ನೀ ಸುಮ್ನಿರು ಮುದಕಾ. ಅದರಾಗ ಈಕಿ..." ಎಂದು ಅಜ್ಜಿ ನನ್ನ ಹಣೆಯ ಕಡೆ ನೋಡಿ ಮಾತು ನುಂಗಿದಳು.

ಬಾಯಿಸಾಹೇಬರು ನನ್ನನ್ನೇ ಕೇಳಿದರು. "ಯಾಕ ಬೇಕು ಅದು?"

ಹೇಳಿದೆ. ನೆಲ ಮೂಸುವುದನ್ನು ತೋರಿಸಿದೆ. ಮರಿಯ ಮೈಯ ಎಣ್ಣೆ ತೆಗೆದು ಮಾಸಿನ ನೀರು ಹಚ್ಚಿದರೆ ತಾಯಿಗೆ ತನ್ನದೇ ವಾಸನೆ ಸಿಗಬಹುದು ಎಂದೆ. ಅಷ್ಟು ಉದ್ದದ ಮಾತನ್ನು ನಾನು ಅವರ ಮುಂದೆ ಆಡಿದ್ದು ಅದೇ ಮೊದಲು. ಅವರು ತಮ್ಮ ಹಳದಿ ಕೈಯನ್ನು ಮೂಗಿಗೆ ಹಿಡಿದು ನೋಡಿಕೊಂಡರು. ಗಾಡಿಯ ಆಳಿನ ಕಡೆ ತಿರುಗಿದರು.

"ಇಳಸಿಕೊಂಡ ಬಾ."

"ಕಟ್ಟಿದ ಕೈಲೆ ಬಿಚ್ಚಬಾರದ್ರಿ, ನಮ್ಮವ್ವನ ಆಣಿ," ಎಂದು ಅವನು ಹಿಂದೆ ಸರಿದ. ಅವನ ಮನೆಯಲ್ಲೂ ಈಯುವ ಎಮ್ಮೆ ಇತ್ತು, ಪಾಪ. ಚಾಚಾನಿಗೆ ಮಂಡಿ ಬಾಗುತ್ತಿರಲಿಲ್ಲ.

"ಗಾಡಿ ಅಷ್ಟ ಹೂಡ್ರಿ. ನಾ ತರತೇನಿ," ಎಂದೆ.

ಅನಗವಾಡಿಯಲ್ಲಿ ಹೊಳೆಯ ದಂಡೆಯ ಗಿಡಗಳನ್ನು ಹತ್ತಿ ಬೆಳೆದವಳು ನಾನು. ಆದರೆ ಗಂಡ ಸತ್ತ ಮೇಲೆ ಓಣಿಯಲ್ಲಿ ತಲೆ ಎತ್ತಿ ನಡೆದದ್ದೇ ಇರಲಿಲ್ಲ. ಗಾಡಿಯನ್ನು ಮರದ ಕೆಳಗೆ ನಿಲ್ಲಿಸಿದರು. ಕಚ್ಚೆ ಬಿಗಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕುಡಗೋಲು ಹಿಡಿದು ಗಾಡಿಯ ಮೇಲೆ ನಿಂತೆ. ಕೈಗೆ ಎಟುಕಲಿಲ್ಲ. ಆಲದ ಬಿಳಲು ಹಿಡಿದು ಟೊಂಗೆಯ ಮೇಲೆ ಕಾಲಿಟ್ಟೆ. ಹೊಲದಲ್ಲಿ ಕಳೆ ತೆಗೆಯುತ್ತಿದ್ದವರೆಲ್ಲ ನಿಂತು ನೋಡಿದರು. ತಲೆಯ ಸೆರಗು ಜಾರಿತು; ಒಂದು ಕೈ ಬಿಳಲಿಗೆ, ಇನ್ನೊಂದು ಕುಡಗೋಲಿಗೆ, ಎಳೆದುಕೊಳ್ಳಲು ಮೂರನೆಯ ಕೈ ಎಲ್ಲಿಂದ ತರಲಿ? ಹಾಗೆಯೇ ಬಿಟ್ಟೆ. ಗೋಣಿಯ ಒಂದು ಬದಿಯನ್ನು ಕಾಗೆಗಳು ಆಗಲೇ ಕುಕ್ಕಿದ್ದವು. ಹಗ್ಗ ಕೊಯ್ದೆ. ಗೋಣಿ ಗಾಡಿಯ ಹುಲ್ಲಿನ ಮೇಲೆ ಬಿತ್ತು. ಬಿಚ್ಚಿ ನೋಡಿದರೆ ನಡುವೆ ಇನ್ನೂ ಹಸಿ ಇತ್ತು.

ಮೊದಲು ಮರಿಯ ಮೈಯ ಎಣ್ಣೆ ತೆಗೆಯಬೇಕಿತ್ತು. ನೀರು ಎರೆಯಲಿಲ್ಲ, ಮರಿ ಥಂಡಿಯಾಗಿತ್ತು. ಗೋಧಿಯ ತೌಡನ್ನು ಹಂಚಿನ ಮೇಲೆ ಬೆಚ್ಚಗೆ ಮಾಡಿ ಒಣ ತೌಡಿನಿಂದ ತಿಕ್ಕಿದೆ. ತೌಡು ಎಣ್ಣೆಯನ್ನು ಕುಡಿಯುತ್ತದೆ, ಅರಿಶಿನವನ್ನೂ ಎಳೆದುಕೊಳ್ಳುತ್ತದೆ. ಹಳದಿಯಾದ ತೌಡನ್ನು ಕೊಡವಿ ಮತ್ತೆ ಹೊಸದು ಹಾಕಿ ತಿಕ್ಕಿದೆ. ಬಾಯಿಸಾಹೇಬರು ನನ್ನ ಎದುರಿಗೆ ಕೂತು ಇನ್ನೊಂದು ಬದಿ ತಿಕ್ಕತೊಡಗಿದರು. ನಾನು ಬೇಡ ಅನ್ನಲಿಲ್ಲ, ಅವರೂ ನನ್ನ ಮುಖ ನೋಡಲಿಲ್ಲ. ಆಮೇಲೆ ಮಾಸನ್ನು ಮರಿಯ ನೆತ್ತಿಯಿಂದ ಬೆನ್ನಿನ ಉದ್ದಕ್ಕೂ ಎಳೆದೆ. ಬಾಲದ ಕೆಳಗೆ ಹೆಚ್ಚು ಹಚ್ಚಿದೆ. ತಾಯಿ ಮೊದಲು ಮೂಸುವುದು ಅಲ್ಲಿಯೇ.

ಇನ್ನೊಂದು ಕೆಲಸ ಉಳಿದಿತ್ತು. ಸಬಾಳ ತುಟಿಯ ಕುಣಿಕೆ, ಹಿಂಗಾಲಿನ ಹಗ್ಗ ಬಿಚ್ಚಿಸಬೇಕಿತ್ತು. ಚಾಚಾ ಒಪ್ಪಲಿಲ್ಲ.

"ಬೇಟಿ, ಒಂದ ಒದಿಕಿ ಬಿದ್ರ ಮರಿ ಉಳಿಯಂಗಿಲ್ಲ. ಕಟ್ಟ ಬಿಚ್ಚೂದ ಬ್ಯಾಡ."

ಅವರು ಹೇಳಿದ್ದು ಸುಳ್ಳಲ್ಲ. ಬಿಚ್ಚಿದ ಮೇಲೆ ಒದ್ದರೆ ಮರಿ ಅಲ್ಲೇ ಸಾಯುತ್ತಿತ್ತು. ಆದರೆ ನೋವಿನ ನಡುವೆ ಮರಿಯನ್ನು ತಂದರೆ ಮರಿಯೇ ನೋವು ತಂದಿತು ಎಂದುಕೊಳ್ಳುತ್ತಾಳೆ. ಬೆಳಗಿನಿಂದ ಆದದ್ದು ಅದೇ. ಕಟ್ಟಿ ಹಾಕಿದರೆ ನಿಲ್ಲುತ್ತಾಳೆ, ಹಾಲು ಬಿಡುವುದಿಲ್ಲ.

"ಕಟ್ಟಿ ನೋಡ್ಯಾತಲ್ರಿ ಚಾಚಾ. ಈಗ ಬಿಚ್ಚಿ ನೋಡೂಣ್ರಿ," ಎಂದೆ. "ಒದ್ರ, ನಾ ನಡುವ ನಿಂತಿರತೇನಿ."

ಚಾಚಾ ಬಾಯಿಸಾಹೇಬರ ಕಡೆ ನೋಡಿದರು. ಅವರು ತಲೆ ಆಡಿಸಿದರು. ಹಗ್ಗ ಬಿಚ್ಚಿದರು.

ಸಬಾ ಮೈ ಕೊಡವಿಕೊಂಡಳು. ನಾನು ಮರಿಯನ್ನು ಎದೆಗೆ ಒತ್ತಿ ಎತ್ತಿಕೊಂಡು ಒಳಗೆ ಹೋದೆ. ಕಾಲುಗಳು ನನ್ನ ಮೊಣಕಾಲಿನ ಕೆಳಗೆ ಜೋತಾಡುತ್ತಿದ್ದವು. ಅರಬ್ಬಿ ಮರಿಗೆ ಹುಟ್ಟುವಾಗಲೇ ಕಾಲು ಅಷ್ಟು ಉದ್ದ. ಬಾಲದ ಕಡೆಯನ್ನು ತಾಯಿಯ ಮೂಗಿಗೆ ಹಿಡಿದು ನಿಂತೆ, ನನ್ನ ಮೈ ಅವಳ ಹಲ್ಲಿಗೂ ಮರಿಯ ಕೊರಳಿಗೂ ನಡುವೆ. ಕಿವಿ ಹಿಂದಕ್ಕೆ ಹೋದವು. ಹೊಳ್ಳೆ ಅರಳಿದವು. ಮೂಸಿದಳು. ಉಸಿರು ಬಿಟ್ಟಳು. ಮತ್ತೆ ಮೂಸಿದಳು, ಈ ಸಲ ಬೆನ್ನಿನ ಉದ್ದಕ್ಕೂ. ಒಂದು ಕಿವಿ ಮುಂದೆ ಬಂತು. ಆಮೇಲೆ ಇನ್ನೊಂದು. ಗಂಟಲಿನಿಂದ ಆ ಗುಡುಗುಡು ಸದ್ದು ಬಂತು. ಅದು ನನ್ನ ಎದೆಯೊಳಗೇ ಆದ ಹಾಗಾಯಿತು. ಬಿಸಿಯಾದ ಒರಟು ನಾಲಿಗೆ ಮರಿಯ ಮೈಯನ್ನೂ ನನ್ನ ಕೈಯನ್ನೂ ಒಟ್ಟಿಗೇ ನೆಕ್ಕಿತು.

ಮರಿಯನ್ನು ಕೆಳಗೆ ಬಿಟ್ಟೆ. ನಿಂತಿತು, ಬಿತ್ತು, ಮತ್ತೆ ನಿಂತಿತು. ತಾಯಿಯ ಮೊಣಕಾಲನ್ನು ಚೀಪಿತು, ನನ್ನ ಸೀರೆಯ ನೆರಿಗೆ ಚೀಪಿತು, ಗೋಡೆಯನ್ನೂ ಚೀಪಿ ನೋಡಿತು. "ಅಲ್ಲಿಲ್ಲೇ ಹುಚ್ಚಿ, ಇತ್ತ ಬಾ ಇತ್ತ," ಎಂದು ಚಾಚಾ ಹೊರಗಿನಿಂದ ದಾರಿ ಹೇಳುತ್ತಿದ್ದರು. ಸಬಾ ತಾನಾಗಿಯೇ ಹಿಂಗಾಲನ್ನು ಹಿಂದಕ್ಕೆ ಇಟ್ಟು ದಾರಿ ಮಾಡಿಕೊಟ್ಟಳು. ಸ್ವಲ್ಪ ಹೊತ್ತಿಗೆ ಚಪ್ ಚಪ್ ಎಂಬ ಸಪ್ಪಳ ಕೇಳಿಸಿತು. ಮರಿಯ ಗಿಡ್ಡ ಬಾಲ ಅಲ್ಲಾಡಿತು. ಹಾಲು ಎಷ್ಟು ಇಳಿಯಿತೆಂದರೆ ಮರಿ ಕುಡಿಯದ ಇನ್ನೊಂದು ಮೊಲೆಯಿಂದಲೂ ಹುಲ್ಲಿನ ಮೇಲೆ ಸೋರಿತು. ಚಾಚಾ ಅದನ್ನು ಅಡುಗೆಯ ಅಜ್ಜಿಗೆ ಕರೆದು ತೋರಿಸಿದರು. "ನೋಡವ್ವಾ, ಬತ್ತಿದ ಹಾಲು!" ಅಜ್ಜಿ "ಹೋಗೋ ಮುದಕಾ" ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಮರುದಿನ ಡಾಕ್ಟರರು ಬಂದರು. ಮರಿಯ ಹೊಕ್ಕುಳಿಗೆ ಔಷಧ ಹಚ್ಚಿ, ಸಬಾಳಿಗೆ ಜ್ವರವಿದೆಯೇ ಎಂದು ನೋಡಿ, ಎರಡೂ ಸುಖವಾಗಿವೆ ಎಂದರು. ನೊಣ ಕೂತ ಮಾಸು ಹಚ್ಚಿದ್ದರಿಂದ ಹೊಕ್ಕುಳು ಕೀವಾಗಬಾರದೆಂದು ದಿನವೂ ತೊಳೆಯಲು ಹೇಳಿಕೊಟ್ಟರು. ಅದು ನನಗೆ ಹೊಳೆದಿರಲಿಲ್ಲ. ಅವರು ಹೇಳಿದಂತೆಯೇ ಮಾಡಿದೆ.

ಕೆಲವು ತಿಂಗಳಲ್ಲಿ ಮರಿಯ ಕಣ್ಣಿನ ಸುತ್ತ ಬಿಳಿ ಕೂದಲು ಬಂತು. ಬಾಯಿಸಾಹೇಬರು ಬಂದ ಬಂದ ನೆಂಟರನ್ನೆಲ್ಲ ಕರೆತಂದು "ತಾಯೀದ ಬಣ್ಣಾ ಬರಾಕತ್ತೈತಿ ನೋಡ್ರಿ" ಎನ್ನುತ್ತಿದ್ದರು. ಪಾಗಾದ ಬಾಗಿಲು ಹಾಕುವ ಮಾತನ್ನು ಧಣಿಗಳು ಎತ್ತಲಿಲ್ಲ. ಮರಿ ಬೆಳೆದು ಪುಣೆಗೆ ಹೋಯಿತು. ಜೊತೆಗೆ ಚಾಚಾ ಹೋಗಿದ್ದರು. ಅರಬ್ಬಿ ಕುದುರೆಗಳಿಗೆಂದೇ ಆಗ ಬೇರೆ ಓಟಗಳಿದ್ದವು. ಮೊದಲ ಓಟದಲ್ಲಿ ಹಿಂದೆ ಬಿದ್ದಳಂತೆ. ಜನರ ಗದ್ದಲಕ್ಕೆ ಬೆದರಿದ್ದಳು. ಮುಂದೆ ಗೆದ್ದಳು. ಚಾಚಾ ಹಿಂದಿರುಗಿ ಬಂದು ವಾಡೆಯ ಅಂಗಳದಲ್ಲಿ ಆ ಓಟವನ್ನು ತಾವೇ ಓಡಿ ತೋರಿಸಿದರು, ಬಾಗದ ಮಂಡಿಯಲ್ಲೇ. ಅಲ್ಲಿ ಯಾರೋ ಸಾಹುಕಾರರು "ಇದು ಯಾವ ಮನೆತನದ್ದು?" ಎಂದು ಕೇಳಿದರಂತೆ. ಚಾಚಾ ತಾಯಿ, ತಾಯಿಯ ತಾಯಿ ಎಂದು ಬಸ್ರಾದವರೆಗೂ ಹೇಳಿ, "ಮತ್ತ ಜಮಖಂಡಿ ಕಡೆ ಒಬ್ಬಾಕಿ ಅದಾಳ್ರಿ, ಆಕಿನ್ನೂ ಲೆಕ್ಕದಾಗ ಹಿಡೀರಿ" ಎಂದರಂತೆ. ಹೇಳಿದರೋ, ನನ್ನ ಸಂತೋಷಕ್ಕೆ ಸೇರಿಸಿದರೋ! ನಾನು ಮಾತ್ರ ಅದನ್ನು ಬಿಟ್ಟುಕೊಟ್ಟಿಲ್ಲ.

ಆ ಮರಿ ಗೆದ್ದ ಮೇಲೆ ಧಣಿಗಳು ಸಬಾಳನ್ನು ಪುಣೆಗೆ ಕಳಿಸಿ ಇನ್ನೊಂದು ಅರಬ್ಬಿ ಗಂಡಿಗೆ ಕೂಡಿಸಿ ತಂದರು. ದಿನ ತುಂಬಿ, ಮೊಲೆಯ ತುದಿಯಲ್ಲಿ ಮೇಣ ಕಂಡ ಸಂಜೆ ನಾನು ಚಾಚಾನಿಗೆ ಹೇಳಿ ನನ್ನ ಖೋಲಿಗೆ ಹೋದೆ. ನಸುಕಿನಲ್ಲಿ ಎಂದಿನಂತೆ ಮೊರ ತೆಗೆದುಕೊಂಡು ಚಂದಿಯ ಖೋಲಿಗೆ ಹೊರಟಾಗ ಅದರ ಬಾಗಿಲಲ್ಲಿ ಬಾಯಿಸಾಹೇಬರು ನಿಂತಿದ್ದರು.

"ಎಲ್ಲಿಗೆ ಹೊಂಟಿ?"

"ಕಾಳ ಕೇರಾಕ್ರಿ."

"ಕಾಳ ನಾವ ಕೇರತೇವಿ. ನೀ ಅಲ್ಲಿ ನಡಿ." ನನ್ನ ಕೈಯಿಂದ ಮೊರ ಕಿತ್ತುಕೊಂಡು ಅವರೇ ಚಂದಿಯ ಖೋಲಿಯೊಳಗೆ ಹೋಗಿ ಕೂತರು.

ನಾನು ಹೋಗಿ ಸಬಾಳ ಖಾನೆಯ ಮೂಲೆಯಲ್ಲಿ ಕೂತೆ. ಮರಿ ಬಂತು. ಈ ಸಲ ಗಂಡು, ಇವನೂ ಕಾಡಿಗೆ ಕಪ್ಪು. ಹುಲ್ಲಿನ ಮೇಲೆ ಒದ್ದೆಯಾಗಿ, ಕಿವಿ ಜೋತುಬಿಟ್ಟುಕೊಂಡು ಬಿದ್ದಿದ್ದ. ಸಬಾ ಎದ್ದು ತಿರುಗಿ ಅವನ ಮೇಲೆ ಮೂತಿ ಇಳಿಸಿದಳು. ಗೋಡೆಯ ಆಚೆ ಮೊರದ ಸಪ್ಪಳ ನಿಂತಿತು.

"ಏನ ಮಾಡಾಕತ್ತೀ ಒಳಗ?" ಎಂದು ಬಾಯಿಸಾಹೇಬರು ಕೇಳಿದರು.

"ಏನೂ ಇಲ್ರಿ," ಎಂದೆ. "ಸುಮ್ನ ಕುಂತೇನ್ರಿ. ಆಕಿ ನೆಕ್ಕಾಕತ್ತಾಳ."